ಪದ ಬೇಕಿದೆ: ರೋಬೋಟ್ ತೋಳಿನ 'ಗ್ರಿಪ್ಪರ್'ಗೆ ಏನನ್ನೋಣ?

ಶಿವಮೊಗ್ಗದಿಂದ:
ಕನ್ನಡ ಪದ ಕಟ್ಟುವ ಈ ಬಳಗದ ಎಲ್ಲರಿಗೂ ನಮಸ್ಕಾರ. ನಮ್ಮ ಐಟಿಐ ಪ್ರದರ್ಶನದ ಬೋರ್ಡ್ ಬರೆಯುವವರಿಗೆ ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡಬೇಕು. ರೋಬೋಟ್ ತೋಳಿನ ತುದಿಗೆ ಸಿಕ್ಕಿಸುವ ನಾಲ್ಕು ಬಗೆಯ ಗ್ರಿಪ್ಪರ್ ಇಡುತ್ತಿದ್ದೇವೆ. ಎರಡು ದವಡೆ ಎದುರುಬದುರು ಸರಿದು ಹಿಡಿಯುವುದು. ರಬ್ಬರ್ ಬಟ್ಟಲಿನ ಗಾಳಿ ತೆಗೆದು ಗಾಜು, ರಟ್ಟಿನ ಡಬ್ಬ ಎತ್ತುವುದು. ವಿದ್ಯುತ್ಕಾಂತದಿಂದ ಕಬ್ಬಿಣದ ತಗಡು ಎತ್ತುವುದು. ಗಾಳಿ ತುಂಬಿದಾಗ ಬಾಗಿ ಟೊಮೆಟೊ, ಮೊಟ್ಟೆಯನ್ನು ಸುತ್ತಿಕೊಳ್ಳುವ ಸಿಲಿಕೋನ್ ಬೆರಳಿನದು. 'ಗ್ರಾಹಕ' ಎಂದರೆ ಗಿರಾಕಿ ಅಂದುಕೊಳ್ಳುತ್ತಾರೆ. 'ಹಿಡುಕ' ಎಂದು ಬರೆದಿದ್ದೇನೆ. ಆಗಬಹುದೇ?

ಸಾಗರದಿಂದ:
ಆಗದು. 'ತಲೆಹಿಡುಕ' ಕಿವಿಗೆ ಬಡಿಯುತ್ತದೆ. ಕುಡುಕ, ತಿರುಕ, ಕೆಡುಕ: ಈ ಸಾಲು ಮನುಷ್ಯರದು, ಉಪಕರಣದ್ದಲ್ಲ. ಕುಲುಮೆಯಲ್ಲೂ ಅಡುಗೆಮನೆಯಲ್ಲೂ 'ಇಕ್ಕಳ' ಇರುವಾಗ ಹೊಸದೇಕೆ? ಮುಚ್ಚು, ಮುಚ್ಚಳ, ಇಕ್ಕು, ಇಕ್ಕಳ. ಅಚ್ಚಗನ್ನಡ.

ತೀರ್ಥಹಳ್ಳಿಯಿಂದ:
ಇಕ್ಕು ಎಂದರೆ ಇಡು, ಬಡಿಸು. ಹಿಡಿಯುವುದಕ್ಕೂ ಅದಕ್ಕೂ ಏನು ನಂಟು? 'ಇರುಕು' ಕಡೆ ನೋಡಿ. ತಮಿಳಿನಲ್ಲಿ ಇಕ್ಕಳಕ್ಕೆ 'ಇಡುಕ್ಕಿ' ಎನ್ನುತ್ತಾರೆ.

ಶೃಂಗೇರಿಯಿಂದ:
ಸುಶ್ರುತ ಸಂಹಿತೆಯ 101 ಶಸ್ತ್ರಚಿಕಿತ್ಸಾ ಯಂತ್ರಗಳಲ್ಲಿ 'ಸಂದಂಶ' ಎರಡು ಬಗೆ, ಉದ್ದ 16 ಅಂಗುಲ. ಹಿಡಿಯುವ ಸಾಧನಕ್ಕೆ ಇದಕ್ಕಿಂತ ಹಳೆಯ, ಖಚಿತವಾದ ಹೆಸರು ಬೇಕೇ? ಕಾಂತಸಂದಂಶ, ನಿರ್ವಾತಸಂದಂಶ ಸರಾಗವಾಗಿ ಆಗುತ್ತವೆ. 'ಕಾಂತ ಇಕ್ಕಳ' ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದ ಸಲ್ಲದ ಜೋಡಿ. ಬಿರುದಾವಳಿಗೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಕೊಟ್ಟ ವಿನಾಯಿತಿ ಬೋರ್ಡಿಗೆ ಸಲ್ಲದು.

ಮಾಚೇನಹಳ್ಳಿಯಿಂದ:
ಮೊದಲು ವಸ್ತುವನ್ನು ನೋಡಿ, ಆಮೇಲೆ ಪದದ ಧಾತು. ಇಕ್ಕಳ, ಸಂದಂಶ ಎರಡೂ ಮೊದಲನೆಯದಕ್ಕೆ ಮಾತ್ರ ಹೊಂದುತ್ತವೆ. ಅಲ್ಲಿ ಕೆಲಸ ಮಾಡುವುದು ಘರ್ಷಣೆ: ಒಂದು ಕಿಲೋದ ನುಣುಪು ಉಕ್ಕಿನ ತುಂಡು, ಘರ್ಷಣಾಂಕ (ಒತ್ತಿದ ಬಲಕ್ಕೆ ಘರ್ಷಣೆಯ ಪ್ರಮಾಣ) 0.2 ಇದ್ದರೆ, ಜಾರದಿರಲು ಒಂದೊಂದು ದವಡೆಯೂ 2.5 ಕಿಲೋ ಭಾರದಷ್ಟು ಒತ್ತಬೇಕು. ತೋಳು ಬೀಸಿದರೆ ಇನ್ನೂ ಹೆಚ್ಚು. ಇಷ್ಟು ಒತ್ತಿದರೆ ಟೊಮೆಟೊ ಉಳಿಯದು, ಅದಕ್ಕೇ ಸಿಲಿಕೋನ್ ಬೆರಳು. ಅದು ಜೋರಾಗಿ ಅಮುಕುವುದಿಲ್ಲ, ಆಕಾರಕ್ಕೆ ತಕ್ಕಂತೆ ಬಳಸಿಕೊಳ್ಳುತ್ತದೆ.

ರಬ್ಬರ್ ಬಟ್ಟಲನ್ನು ದಯವಿಟ್ಟು 'ಹೀರುಬಟ್ಟಲು' ಎನ್ನಬೇಡಿ. ಅದು ವಸ್ತುವನ್ನು ಹೀರುವುದಿಲ್ಲ. ಒಳಗೆ ಒತ್ತಡ ಇಳಿದಾಗ ಹೊರಗಿನ ಗಾಳಿಯೇ ವಸ್ತುವನ್ನು ಬಟ್ಟಲಿಗೆ ಒತ್ತಿ ಹಿಡಿಯುತ್ತದೆ. 4 ಸೆಂ.ಮೀ. ಅಗಲದ ಬಟ್ಟಲಿನಲ್ಲಿ ಶೇ. 60ರಷ್ಟು ಗಾಳಿ ತೆಗೆದರೆ ಲೆಕ್ಕಕ್ಕೆ 7.5 ಕಿಲೋ ಎತ್ತೀತು, ಬಳಕೆಯಲ್ಲಿ ಅದರ ಅರ್ಧವನ್ನೂ ನಂಬುವುದಿಲ್ಲ. ಮೈ ಒರಟಾಗಿದ್ದರೆ ಗಾಳಿ ನುಸುಳಿ ಬಿಟ್ಟುಹೋಗುತ್ತದೆ. 2010ರಲ್ಲಿ ಕಾರ್ನೆಲ್, ಶಿಕಾಗೋ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿದ್ದಂತೂ ಕಾಫಿಪುಡಿ ತುಂಬಿದ ರಬ್ಬರ್ ಚೀಲ: ವಸ್ತುವಿನ ಮೇಲೆ ಒತ್ತಿ ಗಾಳಿ ತೆಗೆದರೆ ಪುಡಿ ಬಿಗಿದು ಕಚ್ಚಿಕೊಳ್ಳುತ್ತದೆ. ಅದಕ್ಕೂ ಇಕ್ಕಳ ಎನ್ನುತ್ತೀರಾ? ಕಾರ್ಖಾನೆಯಲ್ಲಿ ಎಲ್ಲರೂ ಹೇಳುವುದು ಗ್ರಿಪ್ಪರ್. ಅದನ್ನೇ ಬರೆಯಿರಿ.

ಸಾಗರದಿಂದ:
ಹಾಗಾದರೆ ಈ ಬಳಗವೇ ಏಕೆ? ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದು ಕನ್ನಡ ಎನ್ನೋಣ.

ಮಾಚೇನಹಳ್ಳಿಯಿಂದ:
ಅಲಮಾರು ಪೋರ್ಚುಗೀಸರದು, ಕುರ್ಚಿ ಅರಬ್ಬಿಯಿಂದ ಬಂದದ್ದು. ಮನೆಯಿಂದ ಹೊರಗೆ ಹಾಕಿದ್ದೀರಾ? ಐಟಿಐ ಹುಡುಗ ನಾಳೆ ಕೆಲಸಕ್ಕೆ ಬಂದಾಗ 'ಸಂದಂಶ ಕೊಡಿ' ಎಂದರೆ ಯಾರಿಗೂ ತಿಳಿಯದು.

ತೀರ್ಥಹಳ್ಳಿಯಿಂದ:
ಎಲ್ಲ ಬಗೆಗೂ ಒಪ್ಪುವ ಹೆಸರು ಬೇಕಾದರೆ ಅಂಗೈ, ಮುಂಗೈಗಳ ಹಾಗೆ 'ಹಿಡಿಗೈ'. ತೋಳಿನ ತುದಿಗೆ ಕೈ ತಾನೇ? ಬಟ್ಟಲಿನದಕ್ಕೆ 'ಕಚ್ಚುಬಟ್ಟಲು' ಎನ್ನಿ. ನಮ್ಮ ಕಾಡಿನ ಉಂಬಳ (ಜಿಗಣೆ) ಎರಡೂ ತುದಿಯ ಬಟ್ಟಲಿನಿಂದ ಕಚ್ಚಿಕೊಳ್ಳುವುದು ಇಲ್ಲಿ ಯಾರಿಗೆ ಗೊತ್ತಿಲ್ಲ?

ಶಿವಮೊಗ್ಗದಿಂದ:
ಧನ್ಯವಾದ. ದೊಡ್ಡಕ್ಷರದಲ್ಲಿ 'ಹಿಡಿಗೈ', ಕೆಳಗೆ 'ಗ್ರಿಪ್ಪರ್'. ನಾಲ್ಕಕ್ಕೆ ಇಕ್ಕಳ ಹಿಡಿಗೈ, ಕಚ್ಚುಬಟ್ಟಲು, ಕಾಂತ ಹಿಡಿಗೈ, ಮೆದುಬೆರಳು ಎಂದು ಕಳಿಸುತ್ತಿದ್ದೇನೆ.

ಶೃಂಗೇರಿಯಿಂದ:
'ಕಾಂತ ಹಿಡಿಗೈ' ಕೂಡ ಅರಿಸಮಾಸವೇ.

ಸಾಗರದಿಂದ:
'ಸೂಜಿಗಲ್ಲ ಹಿಡಿಗೈ' ಎಂದು ತಿದ್ದಿ. ಇನ್ನೂ ಹೊತ್ತಿದೆ.

ಮಾಚೇನಹಳ್ಳಿಯಿಂದ:
ಕರೆಂಟ್ ಹರಿದಾಗ ಎಳೆದು, ನಿಲ್ಲಿಸಿದಾಗ ಬಿಡುವ ತಂತಿಯ ಸುರುಳಿ ಅದು. ಕಲ್ಲೆಲ್ಲಿದೆ ಅದರಲ್ಲಿ?