ಪೂಲ್ ಕ್ಯೂ ಮಾರಾಟಕ್ಕೆ ಬೈಬ್ಯಾಕ್ ಷರತ್ತು: ಏನೇನು ಬರೆಸಿಕೊಳ್ಳಬೇಕು?

ನೀಲಿಚಾಕ್

ಜಾಸ್ ಕಂಪನಿಯ ಎರಡು ತುಂಡಿನ ಪೂಲ್ ಕ್ಯೂ (ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು). 58 ಇಂಚು, 19 ಔನ್ಸ್, ಸ್ಟೀಲ್ ಜಾಯಿಂಟ್, 5/16-14 ಪಿನ್ (ಎರಡು ತುಂಡನ್ನು ಸೇರಿಸುವ ತಿರುಪು), ಹಿಡಿಕೆಗೆ ಐರಿಶ್ ಲಿನನ್ ದಾರ. ಒಂದೇ ಶಾಫ್ಟ್ (ಮುಂದಿನ ತೆಳು ತುಂಡು), ಟಿಪ್ (ಚೆಂಡಿಗೆ ತಾಗುವ ತುದಿ) ಹತ್ತಿರ 13 ಮಿ.ಮೀ. ಬಟ್ (ಹಿಡಿಕೆ ಇರುವ ಹಿಂದಿನ ತುಂಡು) ಮೇಲೆ ಎರಡು ಸಣ್ಣ ಗೀರು ಬಿಟ್ಟರೆ ತಕರಾರಿಲ್ಲ. ಮಂಗಳೂರಿನ ಆಟಗಾರರೊಬ್ಬರು 50,000ಕ್ಕೆ ಕೇಳಿದ್ದಾರೆ. ದುಡ್ಡು ಬೇಕು, ಆದರೆ ಕ್ಯೂ ಪೂರ್ತಿ ಕೈಬಿಡಲು ಮನಸ್ಸಿಲ್ಲ. ಎರಡು ವರ್ಷದೊಳಗೆ ನಾನು ಕೇಳಿದರೆ ಅದೇ ಬೆಲೆಗೆ ವಾಪಸ್ ಕೊಡಬೇಕು (ಬೈಬ್ಯಾಕ್) ಅಂದಿದ್ದಕ್ಕೆ ವಾಟ್ಸಾಪ್‌ನಲ್ಲಿ "ಆಗಬಹುದು" ಅಂದಿದ್ದಾರೆ. ಇಷ್ಟು ಸಾಕಾ? ಕಾಗದ ಮಾಡಿಸಬೇಕೆಂದರೆ ಅದರಲ್ಲಿ ಏನಿರಬೇಕು? ಬೆಂಗಳೂರಿನಿಂದ ಕಳಿಸುವುದು ಹೇಗೆ?

ಮೇಪಲ್‌ಮರ

ವಾಟ್ಸಾಪ್ ವಿಷಯ ಕಾನೂನು ಬಲ್ಲವರು ಹೇಳಲಿ. ನಾನು ಕ್ಯೂ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಬೈಬ್ಯಾಕ್ ಜಗಳ ಬಹುಪಾಲು ಶುರುವಾಗುವುದು ಶಾಫ್ಟ್‌ನಿಂದ. ಕೊಡುವಾಗ 13 ಮಿ.ಮೀ. ಇತ್ತು, ವಾಪಸ್ ಬಂದಾಗ 12.6. ಬಟ್ ಹೊಳೆಯುತ್ತಿದೆ, ಪಾಯಿಂಟ್‌ಗಳು (ಬಟ್ ಮೇಲಿನ ಚೂಪು ಅಲಂಕಾರಗಳು) ಚೆನ್ನಾಗಿವೆ, ಆದರೆ ಕೈಯಲ್ಲಿ ಹಿಡಿದರೆ ಅದು ನಿಮ್ಮ ಕ್ಯೂ ಅಲ್ಲ.

ಇದು ಹೇಗಾಗುತ್ತದೆ ನೋಡಿ. ಮಳೆಗಾಲದ ಮಂಗಳೂರಿನಲ್ಲಿ ಗಾಳಿಯ ತೇವ ವಾರಗಟ್ಟಲೆ ಇಳಿಯುವುದಿಲ್ಲ. ಶಾಫ್ಟ್‌ನ ಮೇಪಲ್ ಆ ತೇವ ಹೀರಿ ಸ್ವಲ್ಪ ಉಬ್ಬುತ್ತದೆ, ಮರದ ಎಳೆಗಳು ಮೇಲೆದ್ದು ತರಿತರಿಯಾಗುತ್ತದೆ. ಅದರ ಮೇಲೆ ಚಾಕ್ ಪುಡಿ, ಕೈಬೆವರು ಕೂತು ಬೆರಳ ನಡುವೆ ಅಂಟತೊಡಗುತ್ತದೆ. ಆಡುವವರು ಕೂಡಲೇ 400 ಅಥವಾ 600 ನಂಬರಿನ ಸ್ಯಾಂಡ್‌ಪೇಪರ್ ಹಿಡಿಯುತ್ತಾರೆ. ಒಂದು ಸಲಕ್ಕೆ ಏನೂ ಕಾಣುವುದಿಲ್ಲ. ತಿಂಗಳಿಗೊಮ್ಮೆ ಉಜ್ಜಿದರೆ ಎರಡು ಮಳೆಗಾಲಕ್ಕೆ ಶಾಫ್ಟ್ ಸಣಕಲಾಗುತ್ತದೆ, ಫೆರುಲ್ (ಟಿಪ್ ಕೆಳಗಿನ ಉಂಗುರ) ಮತ್ತು ಮರ ಸೇರುವಲ್ಲಿ ಉಗುರಿಗೆ ಸಿಗುವ ಮೆಟ್ಟಿಲು ಬೀಳುತ್ತದೆ. ಹೋದ ಮರ ಮತ್ತೆ ಬರುವುದಿಲ್ಲ. ಆದ್ದರಿಂದ "ಶಾಫ್ಟ್‌ಗೆ ಸ್ಯಾಂಡ್‌ಪೇಪರ್ ತಾಗಿಸಬಾರದು, ಸ್ವಚ್ಛ ಮಾಡಲು ಹಿಂಡಿದ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್, ಕೂಡಲೇ ಒಣಬಟ್ಟೆಯಿಂದ ತಿಕ್ಕುವುದು" ಅಂತ ಬಿಡಿಸಿ ಬರೆಯಿರಿ. "ಚೆನ್ನಾಗಿ ನೋಡಿಕೊಳ್ಳಬೇಕು" ಅನ್ನುವ ಮಾತಿಗೆ ಅರ್ಥವಿಲ್ಲ, ಉಜ್ಜುವವರೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಅಂತಲೇ ಉಜ್ಜುವುದು.

ಇನ್ನು ಅಳತೆ. ಡಿಜಿಟಲ್ ವರ್ನಿಯರ್ ಹಿಡಿದು ಫೆರುಲ್ ಮೇಲೆ, ಫೆರುಲ್ ಮುಗಿದು ಮರ ಶುರುವಾಗುವಲ್ಲಿ, ಅಲ್ಲಿಂದ 6 ಇಂಚು ಮತ್ತು 12 ಇಂಚು ಕೆಳಗೆ ಅಳೆಯಿರಿ. ಪ್ರತಿ ಜಾಗದಲ್ಲೂ ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ, ಯಾಕೆಂದರೆ ಮರ ಎಲ್ಲ ಕಡೆಗೂ ಒಂದೇ ಸಮ ಉಬ್ಬುವುದಿಲ್ಲ. 0.1 ಮಿ.ಮೀ. ಆಚೀಚೆ ಹವೆಯಿಂದಲೇ ಬರಬಹುದು. 0.3 ಕಡಿಮೆಯಾದರೆ ಅದು ಉಜ್ಜಿದ್ದೇ. ಹಾಗಾಗಿ ಕಾಗದದಲ್ಲಿ 0.2 ಅಂತ ಗೆರೆ ಎಳೆಯಿರಿ. ತೂಕ ಬಿಡಿಬಿಡಿಯಾಗಿ ನೋಡಿ. 19 ಔನ್ಸ್ ಅಂದರೆ ಸುಮಾರು 539 ಗ್ರಾಂ. ಅದರಲ್ಲಿ ಶಾಫ್ಟ್ 112, ಬಟ್ 427 ಅಂತ ಬಂದರೆ ಹಾಗೇ ಬರೆದಿಡಿ. ಒಟ್ಟು ತೂಕ ಮಾತ್ರ ಬರೆದರೆ, ಶಾಫ್ಟ್ ಸವೆದದ್ದನ್ನು ಬಟ್‌ನೊಳಗಿನ ತೂಕದ ಬೋಲ್ಟ್ ಬದಲಿಸಿ ಮುಚ್ಚಿಬಿಡಬಹುದು. ಆ ಬೋಲ್ಟ್ ಬದಲಿಸುವುದು ತಪ್ಪೇನಲ್ಲ, ಬಟ್‌ನ ಹಿಂತುದಿಯ ರಬ್ಬರ್ ಬಂಪರ್ ತೆಗೆದರೆ ಕೈಗೆ ಸಿಗುತ್ತದೆ. ಹಳೆಯದನ್ನು ಎತ್ತಿಟ್ಟಿರಬೇಕು ಅಷ್ಟೇ.

ನೇರ ಇದೆಯೇ ಅಂತ ನೋಡಲು ಶಾಫ್ಟ್, ಬಟ್ ಎರಡನ್ನೂ ಪೂಲ್ ಟೇಬಲ್ ಮೇಲೆ ಬೇರೆಬೇರೆ ಉರುಳಿಸಿ, ಆಮೇಲೆ ಜೋಡಿಸಿ ಉರುಳಿಸಿ, ಮೂರನ್ನೂ ವಿಡಿಯೋ ಮಾಡಿ. ಟೇಬಲ್ಲಿನ ಆ ಕೊನೆಯಲ್ಲಿ ಟಾರ್ಚ್ ಇಟ್ಟು ಈ ಕಡೆಯಿಂದ ಮೊಬೈಲ್ ಹಿಡಿದರೆ ಶಾಫ್ಟ್‌ಗೂ ಟೇಬಲ್ ಮೇಲಿನ ಬಟ್ಟೆಗೂ ನಡುವಿನ ಬೆಳಕಿನ ಗೆರೆ ಕಾಣುತ್ತದೆ. ಉರುಳುವಾಗ ಅದು ಹಿಗ್ಗಿ ಕುಗ್ಗಿದರೆ ಬಾಗಿದೆ ಅಂತ. ಬಿಡಿಯಾಗಿ ಎರಡೂ ಸರಿ ಇದ್ದು ಜೋಡಿಸಿದಾಗ ಮಾತ್ರ ಟಿಪ್ ಕುಣಿದರೆ ಮರವನ್ನು ದೂರಬೇಡಿ. ನಿಮ್ಮದು ಪೈಲೆಟೆಡ್ ಜಾಯಿಂಟ್: ಶಾಫ್ಟ್‌ನ ಹಿತ್ತಾಳೆ ಕೊಳವೆಯ ಮುಂದೆ ಚಾಚಿದ ಅಂಚು ಬಟ್‌ನ ಸ್ಟೀಲ್ ಕಾಲರ್‌ನೊಳಗೆ ಬಿಗಿಯಾಗಿ ಕೂರಬೇಕು. ಅಲ್ಲಿ ಒಂದು ಕಣ ಚಾಕ್ ಸಿಕ್ಕಿಕೊಂಡರೂ ಮುಖಗಳು ಪೂರ್ತಿ ಸೇರುವುದಿಲ್ಲ. ಹತ್ತಿಕಡ್ಡಿಯಿಂದ ಒರೆಸಿ ಮತ್ತೆ ನೋಡಿ. ಕೊನೆಗೆ ಕ್ಯೂ ಸಡಿಲವಾಗಿ ಹಿಡಿದು ಬಂಪರನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ. ಗುಂಯ್ ಅಂದರೆ ತೂಕದ ಬೋಲ್ಟ್ ಅಥವಾ ಯಾವುದೋ ರಿಂಗ್ ಸಡಿಲ. ಕೊಡುವ ಮೊದಲೇ ಸರಿ ಮಾಡಿಸಿ.

ಫೋಟೋ ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ. ಜಾಯಿಂಟ್‌ನ ಎರಡೂ ಮುಖ, ಪಿನ್, ಫೆರುಲ್, ದಾರ ಶುರುವಾಗುವ ಮತ್ತು ಮುಗಿಯುವ ಜಾಗ, ಲೋಗೋ, ಆ ಎರಡು ಗೀರಿನ ಪಕ್ಕ ಸ್ಕೇಲ್ ಇಟ್ಟು ಒಂದೊಂದು.

ಕರಾರುಪತ್ರ

ವಾಟ್ಸಾಪ್‌ನ "ಆಗಬಹುದು" ಕೆಲಸಕ್ಕೆ ಬಾರದ್ದೇನಲ್ಲ, ಬಾಯಿಮಾತಿನ ಕರಾರೂ ಕರಾರೇ. ಎಡವಟ್ಟಾಗುವುದು ಬೇರೆ ಕಡೆ. ಮಾರಾಟ ಮುಗಿದು ದುಡ್ಡು ಬಂದ ಮೇಲೆ ಅವರು "ಬೇಕಾದಾಗ ವಾಪಸ್ ಕೊಡ್ತೀನಿ" ಅಂತ ಹೇಳಿದ್ದರೆ ಆ ಮಾತಿಗೆ ಪ್ರತಿಫಲ (ಮಾತಿಗೆ ಬದಲಾಗಿ ನೀವು ಕೊಡುವಂಥದ್ದು) ಇರುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 25ನೇ ಕಲಂ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಪ್ರತಿಫಲವಿಲ್ಲದ ಕರಾರು ಶೂನ್ಯ. ಹಾಗಾಗಿ ಮಾರಾಟ ಮತ್ತು ಮರುಖರೀದಿ ಎರಡೂ ಒಂದೇ ಕಾಗದದಲ್ಲಿ, ಒಂದೇ ದಿನ, ಇಬ್ಬರ ಸಹಿಯೊಂದಿಗೆ ಇರಲಿ. "ಈ ಷರತ್ತಿಗೆ ಒಪ್ಪಿದ್ದರಿಂದಲೇ ಈ ಬೆಲೆಗೆ ಮಾರಲಾಗಿದೆ" ಅನ್ನುವ ಒಂದು ಸಾಲು ಬೇಕೇ ಬೇಕು. ಇ-ಸ್ಟಾಂಪ್ ಮೇಲೆ ಮಾಡಿಸಿ, ದುಡ್ಡು ಬ್ಯಾಂಕ್ ಮೂಲಕವೇ ಬರಲಿ.

ನಿಮಗೆ ಇಷ್ಟವಾಗದ ಇನ್ನೊಂದು ಮಾತು. ಮಾರಿದ ಮೇಲೆ ಕ್ಯೂ ಅವರ ಸ್ವತ್ತು. ಅವರು ಅದನ್ನು ಮೂರನೆಯವರಿಗೆ ಮಾರಿಬಿಟ್ಟರೆ, ನಿಮ್ಮ ಷರತ್ತಿನ ಸುದ್ದಿಯೇ ಗೊತ್ತಿಲ್ಲದೆ ದುಡ್ಡು ಕೊಟ್ಟು ಕೊಂಡವರ ಕೈಯಿಂದ ನೀವು ಬಿಡಿಸಿಕೊಳ್ಳಲಾಗದು. ಉಳಿಯುವುದು ಮೊದಲ ಖರೀದಿದಾರರ ಮೇಲೆ ಪರಿಹಾರದ ದಾವೆ. ಅದಕ್ಕೊಂದು ಮೊತ್ತವನ್ನು ಮೊದಲೇ ನಮೂದಿಸಬಹುದು, ಉದಾಹರಣೆಗೆ 15,000. ಅದೇ ಅಧಿನಿಯಮದ 74ನೇ ಕಲಂ ಪ್ರಕಾರ ನ್ಯಾಯಾಲಯ ಆ ಮೊತ್ತ ಮೀರದಂತೆ ಸಮಂಜಸ ಪರಿಹಾರ ಕೊಡಿಸುತ್ತದೆ, ಬರೆದಷ್ಟೂ ಸಿಕ್ಕೇ ಸಿಗುತ್ತದೆ ಅಂತೇನಿಲ್ಲ. 50,000ದ ವಸ್ತುವಿಗೆ ಎರಡು ಲಕ್ಷ ದಂಡ ಅಂತ ಬರೆದರೆ ಕಾಗದ ಗಟ್ಟಿಯಾಗುವುದಿಲ್ಲ, ನಗೆಪಾಟಲಾಗುತ್ತದೆ.

ಕೇಳುವ ವಿಧಾನ ಸ್ಪಷ್ಟವಾಗಿರಲಿ: ವಾಟ್ಸಾಪ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ, ಅದು ತಲುಪಿದ 30 ದಿನದೊಳಗೆ ಕ್ಯೂ ಮತ್ತು ದುಡ್ಡು ಒಟ್ಟಿಗೇ ಕೈ ಬದಲಾಗಬೇಕು. ವಾಪಸಾತಿಯ ಖರ್ಚು ಕೇಳಿದವರದ್ದು. ಅವಧಿ ಮುಗಿಯುವ ತಾರೀಖನ್ನೇ ಬರೆಯಿರಿ. "ಎರಡು ವರ್ಷ" ಅಂದರೆ ಎಲ್ಲಿಂದ ಎಣಿಸಬೇಕು ಅನ್ನುವುದೇ ಇನ್ನೊಂದು ಜಗಳ.

ಗಿರವಿ ಇಡಬಹುದಲ್ಲ ಅಂತ ಯಾರಾದರೂ ಕೇಳಬಹುದು. ಗಿರವಿಯಲ್ಲಿ ಒಡೆತನ ನಿಮ್ಮಲ್ಲೇ ಉಳಿಯುತ್ತದೆ, ಅದು ಲಾಭ. ಆದರೆ ನಿಮ್ಮ ಒಪ್ಪಿಗೆಯಿಲ್ಲದೆ ಇಟ್ಟುಕೊಂಡವರು ಅದರಲ್ಲಿ ಆಡುವಂತಿಲ್ಲ, ಇವರು ಕೊಳ್ಳುತ್ತಿರುವುದೇ ಆಡಲಿಕ್ಕೆ. ದುಡ್ಡು ಹೊತ್ತಿಗೆ ಸರಿಯಾಗಿ ಕಟ್ಟದಿದ್ದರೆ ಅವರು ತಿಳಿವಳಿಕೆ ಕೊಟ್ಟು ಮಾರಲೂಬಹುದು. ನಿಮ್ಮ ಸಂದರ್ಭಕ್ಕೆ ಹೊಂದುವುದಿಲ್ಲ.

ನಿಮ್ಮ ಕ್ಯೂಗೆ ಬೇಕಾಗಲಿಕ್ಕಿಲ್ಲ, ಆದರೂ ಇದನ್ನು ಓದುವ ಬೇರೆಯವರಿಗಾಗಿ: ಹಳೆಯ ಅಮೆರಿಕನ್ ಕಸ್ಟಮ್ ಕ್ಯೂಗಳಲ್ಲಿ ಕೆಲವಕ್ಕೆ ಫೆರುಲ್, ಜಾಯಿಂಟ್ ಅಥವಾ ಕೆತ್ತನೆಯ ತುಂಡು ಆನೆದಂತದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳ ನಂತರ ದಂತದ ವ್ಯಾಪಾರಕ್ಕೆ ಇಲ್ಲಿ ಅವಕಾಶವಿಲ್ಲ, ಆಫ್ರಿಕಾದ ಆನೆಯದ್ದಾದರೂ ಅಷ್ಟೇ. ಅಂಥ ಕ್ಯೂಗೆ ಬೈಬ್ಯಾಕ್ ಇರಲಿ, ಮೊದಲ ಮಾರಾಟವೇ ಅಪರಾಧ.

ಎಂಟನೇಚೆಂಡು

ಎಲ್ಲರೂ ಮಾರುವವರ ಪರವಾಗಿಯೇ ಮಾತಾಡುತ್ತಿದ್ದೀರಿ. ಕೊಳ್ಳುವವರ ಜಾಗದಲ್ಲಿ ನಿಂತು ನೋಡಿ. ಎರಡು ವರ್ಷ ಅವರ 50,000 ಮಾರಿದ ಇವರ ಹತ್ತಿರ ಇರುತ್ತದೆ, ಬಡ್ಡಿಯಿಲ್ಲ. ಕ್ಯೂ ಬೆಲೆ ಏರಿದರೆ ಲಾಭ ಇವರಿಗೆ, ಯಾಕೆಂದರೆ ಹಳೆಯ ಬೆಲೆಗೆ ಎಳೆದುಕೊಳ್ಳುತ್ತಾರೆ. ಇಳಿದರೆ ನಷ್ಟ ಅವರಿಗೆ, ಯಾಕೆಂದರೆ ಇವರು ಕೇಳುವುದೇ ಇಲ್ಲ. ಇಂಥ ಷರತ್ತಿಗೆ ಒಪ್ಪುವವರು ಒಂದೋ ಯೋಚಿಸಿಲ್ಲ, ಇಲ್ಲವೇ ಪಾಲಿಸುವ ಮನಸ್ಸಿಲ್ಲ.

ನ್ಯಾಯವಾಗಿ ಮಾಡುವುದಾದರೆ ಮೊದಲ ವರ್ಷದೊಳಗೆ ಕೇಳಿದರೆ 52,500, ಎರಡನೇ ವರ್ಷದಲ್ಲಿ 55,000 ಅಂತ ಇಡಿ. ಟಿಪ್ ಬದಲಾವಣೆ ಆಡುವವರ ಖರ್ಚು, ಲೆಕ್ಕಕ್ಕಿಲ್ಲ. ದಾರ ಹೊಸದಾಗಿ ಸುತ್ತಿಸುವಂಥ ದೊಡ್ಡ ಕೆಲಸ ಇಬ್ಬರೂ ಮೊದಲೇ ಒಪ್ಪಿದ್ದರೆ ಮಾತ್ರ ರಸೀದಿ ಸಮೇತ ಸೇರಿಸಿಕೊಳ್ಳಲಿ. ಇಲ್ಲವಾದರೆ ಬೈಬ್ಯಾಕ್ ಬಿಟ್ಟು, "ಮಾರುವುದಾದರೆ ಮೊದಲು ನನ್ನನ್ನು ಕೇಳಬೇಕು, ಹೊರಗಿನವರು ಕೊಡುವ ಬೆಲೆಗೆ ನಾನು 15 ದಿನದೊಳಗೆ ಕೊಳ್ಳಬಹುದು" ಅಂತ ಬರೆಸಿಕೊಳ್ಳಿ. ಅದಕ್ಕೆ ಯಾವ ಆಟಗಾರನೂ ಮುಖ ಸಿಂಡರಿಸುವುದಿಲ್ಲ, ಮಾರಾಟದ ಬೆಲೆಯೂ ಇಳಿಯುವುದಿಲ್ಲ. ನನ್ನ ಓಟು ಇದಕ್ಕೇ.

ನೀಲಿಚಾಕ್

52,500 / 55,000ಕ್ಕೆ ಅವರು ಒಪ್ಪಿದ್ದಾರೆ. ಹೊರಗೆ ಮಾರುವ ಮೊದಲು ನನ್ನನ್ನು ಕೇಳುವ ಷರತ್ತೂ ಇರಲಿ ಅಂದರು. ಈಗ ಹೊಸದೊಂದು ಹೇಳುತ್ತಿದ್ದಾರೆ: ಮರದ ಶಾಫ್ಟ್ ತೆಗೆದು ಬೇರೆ ಕಾರ್ಬನ್ ಫೈಬರ್ ಶಾಫ್ಟ್ ಹಾಕಿ ಆಡುತ್ತಾರಂತೆ. ಇದರಿಂದ ಬಟ್‌ಗೆ ತೊಂದರೆ ಇದೆಯಾ?

ಮೇಪಲ್‌ಮರ

ನಿಮಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಮೂಲ ಶಾಫ್ಟ್ ಸವೆಯುವುದೇ ಇಲ್ಲ. ಆದರೆ ಕೊಳ್ಳುವಾಗ "5/16-14 ಪೈಲೆಟೆಡ್" ಅಂತಲೇ ಕೇಳಬೇಕು. 5/16-18 ಅಂತ ಇನ್ನೊಂದಿದೆ. ದಪ್ಪ ಅದೇ, ಆದರೆ ಇಂಚಿಗೆ 14ರ ಬದಲು 18 ಮರೆ (ತಿರುಪಿನ ಸುತ್ತು). ಶುರುವಿನಲ್ಲಿ ಒಂದೆರಡು ಸುತ್ತು ಹೋಗುತ್ತದೆ, ಅಲ್ಲಿಂದ ಬಲವಂತವಾಗಿ ತಿರುಗಿಸಿದರೆ ಮರೆ ಹಾಳು. ಪೈಲೆಟ್ ಇಲ್ಲದ ಚಪ್ಪಟೆ ಮುಖದ 14 ಬಂದರೆ ಪಿನ್ ಕೂರುತ್ತದೆ, ಆದರೆ ಕಾಲರ್ ನಡುವೆ ಆಧಾರ ಸಿಗದೆ ಹೊಡೆತದಲ್ಲಿ ಟಿಕ್ ಟಿಕ್ ಅನ್ನುತ್ತದೆ.

ಬಳಸದೆ ಇಟ್ಟ ಮರದ ಶಾಫ್ಟ್ ಗೋಡೆಗೆ ಒರಗಿಸಿ ಮರೆತರೆ ಬಿಲ್ಲಿನಂತೆ ಬಾಗಬಹುದು. ಜಾಯಿಂಟ್ ಇರುವ ತುದಿಗೆ ಜಾಯಿಂಟ್ ಕ್ಯಾಪ್ (ಮುಚ್ಚಳ) ಹಾಕಿ ಗಟ್ಟಿ ಕೇಸ್‌ನೊಳಗೆ, ಮನೆಯ ಒಳಗಿನ ಕಪಾಟಿನಲ್ಲಿ, ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಿರಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬಾರದು ಅನ್ನುವುದನ್ನೂ ಸೇರಿಸಿ. ಬಿಸಿಗೆ ಅಂಟು ಸಡಿಲಗೊಂಡು ಒಳಕೂರಿಸಿದ ತುಂಡುಗಳ ಅಂಚು ಮೇಲೇಳುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ವಾಪಸಾತಿ ಅಂದರೆ ಬಟ್ ಮತ್ತು ಮೂಲ ಶಾಫ್ಟ್, ಕಾರ್ಬನ್ ಅವರದ್ದೇ ಅಂತ ಕಾಗದದಲ್ಲಿ ಬರಲಿ.

ಎಂಟನೇಚೆಂಡು

ಕಳಿಸುವ ಬಗ್ಗೆ ಯಾರೂ ಹೇಳಲಿಲ್ಲ. ಸಾಧ್ಯವಾದರೆ ಕೈಯಲ್ಲೇ ಒಯ್ದು ಕೊಡಿ, ಅಲ್ಲೇ ಉರುಳಿಸಿ ಅಳೆದು ಇಬ್ಬರೂ ಅಳತೆಯ ಹಾಳೆಗೆ ಸಹಿ ಹಾಕಿ. ಬಸ್ಸಾದರೆ ಕೇಸ್ ಸೀಟಿನ ಪಕ್ಕ ಇರಲಿ, ಡಿಕ್ಕಿಗೆ ಹಾಕಬೇಡಿ.

ಕೊರಿಯರೇ ಗತಿ ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ 90 ಮಿ.ಮೀ. ಪಿವಿಸಿ ಪೈಪ್ ಕೊಂಡು 34 ಇಂಚಿಗೆ ಕತ್ತರಿಸಿ, ಎರಡು ಎಂಡ್ ಕ್ಯಾಪ್ ತನ್ನಿ. ಬಟ್, ಶಾಫ್ಟ್ ಎರಡಕ್ಕೂ ಜಾಯಿಂಟ್ ಕ್ಯಾಪ್ ಹಾಕಿ ಬೇರೆಬೇರೆಯಾಗಿ ಬಬಲ್ ರ‍್ಯಾಪ್ ಸುತ್ತಿ. ಪಿನ್ ಹೋಗಿ ಶಾಫ್ಟ್‌ಗೆ ಬಡಿದರೆ ಬೀಳುವ ಗುಂಡಿಯೇ ಸಾಗಣೆಯಲ್ಲಿ ಹೆಚ್ಚು ಕಾಣುವ ಹಾನಿ. ಎರಡೂ ತುದಿಗೆ ಎರಡೆರಡು ಇಂಚು ಫೋಮ್ ತುರುಕಿ, ಕ್ಯಾಪ್ ಮೇಲೆ ಅಂಟು ಹಾಕಬೇಡಿ, ಟೇಪ್ ಸುತ್ತಿದರೆ ಸಾಕು. ಅಲ್ಲಾಡಿಸಿದಾಗ ಸದ್ದು ಬರಬಾರದು. ಪೂರ್ತಿ ಬೆಲೆ ನಮೂದಿಸಿ ವಿಮೆ ಮಾಡಿಸಿ, ಇಲ್ಲವಾದರೆ ಕೊರಿಯರ್‌ನವರು ರಸೀದಿಯ ಹಿಂದೆ ಅಚ್ಚಾದ ಸಣ್ಣ ಮೊತ್ತ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಪಾರ್ಸೆಲ್ ಬಿಚ್ಚುವುದನ್ನು ಅವರು ವಿಡಿಯೋ ಮಾಡಲಿ. ಅಳತೆ ಮಾತ್ರ ಕೂಡಲೇ ಬೇಡ, ಒಂದು ದಿನ ಕೋಣೆಯ ಹವೆಗೆ ಬಿಟ್ಟು ಆಮೇಲೆ.

ಕರಾರುಪತ್ರ

ಆ ಅಳತೆಯ ಹಾಳೆಯನ್ನು "ಅನುಬಂಧ 1" ಅಂತ ಕರಾರಿಗೆ ಲಗತ್ತಿಸಿ, ಫೋಟೋಗಳನ್ನು ಅನುಬಂಧ 2 ಮಾಡಿ, ಪ್ರತಿ ಪುಟಕ್ಕೂ ಇಬ್ಬರ ಸಹಿ. ವಾಪಸ್ ಪಡೆಯುವ ದಿನ ಇದೇ ಹಾಳೆ ಹಿಡಿದು ಅಳೆಯಬೇಕು, ಶಾಫ್ಟ್ 0.2ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಬೆಲೆಯಲ್ಲಿ ಎಷ್ಟು ಮುರಿದುಕೊಳ್ಳಬೇಕು ಅನ್ನುವುದನ್ನೂ ಈಗಲೇ ಬರೆಯಿರಿ. ಹೊಸ ಮೇಪಲ್ ಶಾಫ್ಟ್‌ಗೆ ಆ ದಿನ ಇರುವ ಬೆಲೆ ಅಂತ ಇಟ್ಟರೆ ಲೆಕ್ಕ ಸುಲಭ.