ಓಡೋರು ಒಬ್ಬರು, ಓಡಿಸೋರು ಇನ್ನೊಬ್ಬರು

ನಮ್ಮದು ವಾಕಿಂಗ್ ಗುಂಪು. ಹೆಸರಿಗೆ ಮಾತ್ರ. ಪಾರ್ಕಿಗೆ ಒಂದು ಸುತ್ತು ಹಾಕಿ ಕಲ್ಲುಬೆಂಚಿನ ಮೇಲೆ ಕೂತರೆ ಮುಗಿಯಿತು, ಬಿಸಿಲು ನೆತ್ತಿಗೇರುವ ತನಕ ಯಾರೂ ಏಳುವುದಿಲ್ಲ. ಇಂಥವರ ಬಾಯಿಗೆ ಆವತ್ತು ಸಿಕ್ಕಿದ್ದು ಓಟದ ವಿಷಯ.

ಶುರು ಮಾಡಿದ್ದು ರಿಟೈರಾದ ಇಂಗ್ಲಿಷ್ ಮೇಷ್ಟ್ರು. ಅವರ ಕಾಲ ಹತ್ತಿರವೇ ಒಂದು ಅಳಿಲು ಬಿದ್ದ ಕಡ್ಲೆಕಾಯಿ ಕಚ್ಚಿಕೊಂಡು ಮರಕ್ಕೆ ಹಾರಿತು. "ನೋಡಿ, ಇದಕ್ಕೇ ಸ್ಕ್ಯಾಂಪರ್ ಅನ್ನೋದು," ಅಂದರು.

"ಅಳಿಲು ಸಾರ್ ಅದು," ಅಂದ ಸೀನ. ಕ್ಯಾಬ್ ಓಡಿಸುತ್ತಾನೆ, ರಾತ್ರಿ ಡ್ಯೂಟಿ ಮುಗಿಸಿ ಸೀದಾ ಬೆಂಚಿಗೇ ಬರುತ್ತಾನೆ.

"ಅಳಿಲು ಓಡಿದ್ರೆ ಸ್ಕ್ಯಾಂಪರ್ ಕಣಯ್ಯಾ. ಇಲಿ ಓಡಿದ್ರೆ ಸ್ಕರಿ. ಏಡಿ, ಜಿರಲೆ ಓಡಿದ್ರೆ ಸ್ಕಟಲ್. ಹಲ್ಲಿ ಚಕ್ ಅಂತ ನುಗ್ಗಿದ್ರೆ ಡಾರ್ಟ್. ಕುದುರೆ ಬೆದರಿ ಕಿತ್ಕೊಂಡು ಹೋದ್ರೆ ಬೋಲ್ಟ್."

"ಜಿರಲೆ ಓಡಿದಾಗ ನಾನೂ ಓಡ್ತೀನಲ್ಲ, ಅದಕ್ಕೇನಂತಾರೆ?" ಗಿರಿಜಕ್ಕ ಕೇಳಿದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಬೋಲ್ಟ್ ಅಂದ ತಕ್ಷಣ ಸೀನ ಚುರುಕಾದ. "ಉಸೇನ್ ಬೋಲ್ಟ್! 2009, ಬರ್ಲಿನ್. ನೂರು ಮೀಟರ್, 9.58 ಸೆಕೆಂಡು." ಇಂಥದ್ದೆಲ್ಲ ಅವನಿಗೆ ಬಾಯಿಪಾಠ. ನಾನೂ ಸುಮ್ನಿರಲಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದನ್ನು ಎತ್ತಿದೆ. ಇಂಗ್ಲಿಷ್ ಪೇಪರುಗಳು ತಾವೇ ಲೆಕ್ಕ ಹಾಕಿ, ನೂರು ಮೀಟರಿಗೆ 9.55 ಆಯ್ತು, ಇವರೇ ಭಾರತದ ಬೋಲ್ಟ್ ಅಂತ ಕುಣಿದಾಡಿದ್ದವು.

"ಗೌಡರ ಮುಂದೆ ಎರಡು ಕೋಣ ಇದ್ವಲ್ಲ," ಅಂದರು ಗಿರಿಜಕ್ಕ. "ಎಳ್ಕೊಂಡು ಹೋಗಿದ್ದು ಅವು. ಅವುಗಳ ಹೆಸರು ಯಾವ ಪೇಪರ್ ಬರೀತು ಹೇಳಿ?"

ಈ ಮಾತು ಮೇಷ್ಟ್ರ ತಲೆಯಲ್ಲಿ ಹುಳ ಬಿಟ್ಟಿತು. ಕ್ಯಾಂಟರ್ ಅನ್ನೋ ಕುದುರೆ ಓಟದ ಕಥೆ ತೆಗೆದರು. 1170ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿ ಚರ್ಚಿನಲ್ಲಿ ಥಾಮಸ್ ಬೆಕೆಟ್ ಎಂಬ ಆರ್ಚ್‌ಬಿಷಪ್ಪರ ಕೊಲೆ ಆಯಿತು. ಆಮೇಲೆ ಅವರನ್ನು ಸಂತ ಅಂತ ಸಾರಿದರು. ಜನ ಕುದುರೆ ಹತ್ತಿ ಯಾತ್ರೆ ಹೊರಟರು. ತೀರಾ ನಿಧಾನವೂ ಅಲ್ಲ, ನಾಗಾಲೋಟವೂ ಅಲ್ಲ, ಮೈ ನೋಯದ ಹಾಗೆ ಒಂದು ಹದವಾದ ಓಟ. ಅದು ಕ್ಯಾಂಟರ್ಬರಿ ಗ್ಯಾಲಪ್. ಬಾಲ ಕತ್ತರಿಸಿದ ಮೇಲೆ ಬರೀ ಕ್ಯಾಂಟರ್.

"ಪುಣ್ಯ ಸವಾರನಿಗೆ, ಏದುಸಿರು ಕುದುರೆಗೆ," ಅಂದ ಸೀನ. "ನಾನೂ ಧರ್ಮಸ್ಥಳಕ್ಕೆ ಟ್ರಿಪ್ ಹೊಡೀತಾನೇ ಇರ್ತೀನಿ ಸಾರ್. ದರ್ಶನ ಪ್ಯಾಸೆಂಜರಿಗೆ. ನಾನು ಪಾರ್ಕಿಂಗಲ್ಲಿ."

"ಇನ್ನೊಂದಿದೆ ಕೇಳು, ನಿನಗೇ ಹೇಳಿ ಮಾಡಿಸಿದ್ದು," ಅಂದರು ಮೇಷ್ಟ್ರು. ಪೋಸ್ಟ್ ಹೇಸ್ಟ್, ಅಂದರೆ ತರಾತುರಿಯಲ್ಲಿ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಕೆಲಸದ ಪತ್ರಗಳ ಮೇಲೆ 'ಹೇಸ್ಟ್, ಪೋಸ್ಟ್, ಹೇಸ್ಟ್' ಅಂತ ಬರೆಯುತ್ತಿದ್ದರು. ಓಡು ಅಂಚೆಯವನೇ ಓಡು, ಅಂತ. ಬಹಳ ಅರ್ಜೆಂಟ್ ಇದ್ದರೆ 'ಜೀವ ಇದ್ದರೆ ಓಡು' ಅನ್ನೋ ಧಾಟಿಯ ಮಾತೂ ಸೇರುತ್ತಿತ್ತು. ಕೆಲವು ಪತ್ರಗಳ ಮೇಲಂತೂ ಪುಟ್ಟದಾಗಿ ಗಲ್ಲುಗಂಬದ ಚಿತ್ರವನ್ನೇ ಬಿಡಿಸುತ್ತಿದ್ದರು. ತಡವಾದರೆ ಏನಾಗುತ್ತದೆ ಅಂತ ಓದು ಬಾರದವನಿಗೂ ಗೊತ್ತಾಗಬೇಕಲ್ಲ! ಪತ್ರ ಬರೆದ ದೊರೆ ಮಾತ್ರ ಬೆಂಕಿ ಮುಂದೆ ಕಾಲು ಚಾಚಿ ಕೂತಿರುತ್ತಿದ್ದನೇನೋ.

ಸೀನ ಮೊಬೈಲ್ ತೆಗೆದು ತನ್ನ ಆ್ಯಪ್ ತೋರಿಸಿದ. "ನಮಗೆ ಗಲ್ಲುಗಂಬ ಇಲ್ಲ ಸಾರ್. ಸ್ಟಾರ್ ಇದೆ. ಒಂದೇ ಒಂದು ಸ್ಟಾರ್ ಒತ್ತಿ ಬಿಟ್ರೆ ಅದೂ ಅದೇ."

ಗಿರಿಜಕ್ಕನ ಪಾಯಿಂಟು ಈಗ ಎಲ್ಲರಿಗೂ ಹಿಡಿಸಿತ್ತು. ಆಳಿಗೆ ಹೇಳುವ ಪದಗಳನ್ನು ಹುಡುಕುವುದೇ ಕೆಲಸವಾಯಿತು. ಚಾಪ್ ಚಾಪ್ ಬಂತು, ಬೇಗ ಬೇಗ ಅಂತ ಅರ್ಥ. ಚೀನಾದ ಬಂದರುಗಳಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಸ್ಥಳೀಯರ ಜೊತೆ ಬೆರಕೆ ಭಾಷೆ ಆಡುವಾಗ ಹುಟ್ಟಿದ್ದು. ಊಟದ ಚಾಪ್‌ಸ್ಟಿಕ್‌ನಲ್ಲಿರುವ ಚಾಪ್ ಕೂಡ ಅದೇ ಅಂತ ನಿಘಂಟಿನಲ್ಲಿದೆ. ಇಲ್ಲಿಗೆ ಬಂದ ಬ್ರಿಟಿಷ್ ಸಿಪಾಯಿಗಳು ಹಿಂದಿಯ ಜಲ್ದಿಯನ್ನು ಜಿಲ್ದಿ ಮಾಡಿಕೊಂಡು, ಅದನ್ನೂ ಗಂಟುಮೂಟೆಯ ಜೊತೆ ಊರಿಗೆ ಒಯ್ದರು.

"ನೋಡಿದ್ರಾ, ಎರಡೂ ಕೂತವರು ನಿಂತವರಿಗೆ ಹೇಳೋ ಮಾತು," ಅಂದರು ಗಿರಿಜಕ್ಕ. "ನಮ್ಮನೆಯಲ್ಲಿ ಸೋಫಾದಿಂದ ಕೇಳ್ಸುತ್ತಲ್ಲ, ಬೇಗ ಕಾಫಿ ಅಂತ. ಹಾಗೆ."

ಇಂಗ್ಲಿಷಿನವರು ತಾವೇ ಸ್ವಂತ ಕಾಲಲ್ಲಿ ಓಡಿದ್ದೇ ಇಲ್ಲವಾ ಅಂತ ನಾನು ಕೇಳಿದೆ. ಓಡಿದ್ದಾರಂತೆ, ಪ್ರಾಣಭಯ ಬಂದಾಗ. ಸ್ಕಿಡ್ಯಾಡಲ್ ಅಂತ ಒಂದು ಪದ ಇದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಎದುರಾಳಿ ಸೈನ್ಯ ಓಡಿಹೋದರೆ ಸ್ಕಿಡ್ಯಾಡಲ್ ಮಾಡಿತು ಅಂತ ಬರೆಯುವುದು. ತಮ್ಮವರು ಓಡಿದರೆ ಜಾಣತನದಿಂದ ಹಿಂದೆ ಸರಿದರು, ಅಷ್ಟೇ.

"ನಾವು ಜೂಟ್ ಅಂತೀವಿ," ಅಂದ ಸೀನ. ಮೇಷ್ಟ್ರು ಆ ಪದವನ್ನು ಡೈರಿಯಲ್ಲಿ ಬರೆದುಕೊಂಡರು. ನಿಜವಾಗಲೂ ಬರೆದುಕೊಂಡರು, ಮುಂದೆ ತಾರೀಖು ಹಾಕಿ.

ಕಾರು ಬಂದ ಮೇಲೆ ಕಾಲಿನ ಕೆಲಸ ಇನ್ನೂ ಕಮ್ಮಿಯಾಯಿತು. ಸ್ಟೆಪ್ ಆನ್ ದ ಗ್ಯಾಸ್, ಅಂದರೆ ಪಾದ ಒತ್ತಿದರೆ ಸಾಕು. ಆದರೆ ಶುರುವಿನಲ್ಲಿ ಒತ್ತಲೂ ಬಿಡುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಊರೊಳಗೆ ಮೋಟಾರಿಗೆ ಗಂಟೆಗೆ 2 ಮೈಲಿ ಮಿತಿ. ಸಾಲದ್ದಕ್ಕೆ ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆದು ಹೋಗಬೇಕು. 1896ರ ಜನವರಿಯಲ್ಲಿ ಕೆಂಟ್‌ನ ವಾಲ್ಟರ್ ಆರ್ನಾಲ್ಡ್ ಎಂಬ ಮಹಾಶಯ 8 ಮೈಲಿ ವೇಗದಲ್ಲಿ ಹೊರಟ. ಪೊಲೀಸ್ ಪೇದೆ ಸೈಕಲ್ ತುಳಿದು ಬೆನ್ನಟ್ಟಿ ಹಿಡಿದ. ಸ್ಪೀಡಿಗೆ ಒಂದು ಶಿಲ್ಲಿಂಗ್ ದಂಡ, ಮೇಲೆ ಕೋರ್ಟು ಖರ್ಚು. ಅದೇ ವರ್ಷ ನವೆಂಬರಿನಲ್ಲಿ ಮಿತಿ 14 ಮೈಲಿಗೆ ಏರಿತು.

ಸೀನ ನಗಲಿಲ್ಲ. "8 ಮೈಲಿ ಅಂದ್ರೆ ಹದಿಮೂರು ಕಿಲೋಮೀಟರ್ ಸಾರ್. ಸಂಜೆ ಹೊತ್ತು ಸಿಲ್ಕ್ ಬೋರ್ಡಲ್ಲಿ ನನಗೆ ಆ ಸ್ಪೀಡ್ ಸಿಕ್ಕಿದ್ರೆ ನಾನೇ ಹೋಗಿ ದಂಡ ಕಟ್ಟಿ ಬರ್ತೀನಿ."

ಮೇಷ್ಟ್ರ ಜೋಳಿಗೆಯಲ್ಲಿ ಇನ್ನೂ ಒಂದು ಇತ್ತು. ಈಗಲೇ ಬಂದೆ ಅನ್ನೋಕೆ 'ಕುರಿಮರಿ ಎರಡು ಸಲ ಬಾಲ ಅಲ್ಲಾಡಿಸೋಷ್ಟರಲ್ಲಿ' ಅಂತಾರಂತೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಣುಬಾಂಬ್ ಮಾಡುತ್ತಿದ್ದ ವಿಜ್ಞಾನಿಗಳಿಗೆ ಬಹಳ ಚಿಕ್ಕದೊಂದು ಸಮಯದ ಅಳತೆ ಬೇಕಾಯಿತು. ಈ ಬಾಲದಿಂದಲೇ ಹೆಸರು ತೆಗೆದು, ಹತ್ತು ನ್ಯಾನೋಸೆಕೆಂಡಿಗೆ ಒಂದು ಶೇಕ್ ಅಂತ ಇಟ್ಟರು. ಸೆಕೆಂಡಿಗೆ ಹತ್ತು ಕೋಟಿ ಶೇಕ್.

"ಅಯ್ಯೋ, ಆ ಕುರಿ ಬಾಲ ಉದುರಿ ಹೋಗುತ್ತೆ," ಅಂದ ಗಿರಿಜಕ್ಕ ಆಮೇಲೆ ಸೆರಗು ಸರಿಮಾಡಿಕೊಂಡು ಸೀರಿಯಸ್ಸಾಗಿ ಕೇಳಿದರು. "ನಮ್ಮ ಯಜಮಾನ್ರು 'ಇದೋ ಬಂದೆ' ಅಂದ್ರೆ ಸರಿಯಾಗಿ ಅರ್ಧ ಗಂಟೆ. ಎಷ್ಟು ಶೇಕ್ ಆಗುತ್ತೆ, ಲೆಕ್ಕ ಹಾಕಿ ಮೇಷ್ಟ್ರೇ."

ಮೇಷ್ಟ್ರು ಡೈರಿ ತಿರುಗಿಸಿ, ಸೊನ್ನೆ ಮೇಲೆ ಸೊನ್ನೆ ಹಾಕಿ, ಎರಡು ಸಲ ತಾಳೆ ನೋಡಿದರು. "18,000 ಕೋಟಿ."

ಸೀನ ಬಗ್ಗಿ ನೋಡಿದ. "ಸಾರ್, ಇದು ನಮ್ಮ ಬೆಂಗಳೂರಿನ ಟನಲ್ ರೋಡಿನ ಎಸ್ಟಿಮೇಟ್ ಇದ್ದಂಗಿದೆಯಲ್ಲಾ?"