ವಾಸ್ಕೋ ಮೊದಲು ಕಾಲಿಟ್ಟದ್ದು ಮಲ್ಪೆಯಲ್ಲಾ? ನಮ್ಮ ಮನೆ ಗುಂಪಿನ ಒಂದು ಭಾನುವಾರ

ದೊಡ್ಡಪ್ಪ: (ಫಾರ್ವರ್ಡ್) ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕು!! ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಕಲ್ಲಿಕೋಟೆಯಲ್ಲಿ ಅಲ್ಲ, ನಮ್ಮ ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ. ಮುಚ್ಚಿಟ್ಟ ಸತ್ಯ. ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ: ಮಕ್ಕಳಿಗೆ ಓದಿ ಹೇಳಿ. ನಮ್ಮೂರಿನ ವಿಷಯ ನಮಗೇ ಗೊತ್ತಿಲ್ಲ.

ಅತ್ತೆ: ಹೌದಣ್ಣ. ನಮ್ಮ ಲೇಡೀಸ್ ಗುಂಪಿಗೂ ಹಾಕಿದೆ.

ನಾನು: ದೊಡ್ಡಪ್ಪ, ಇದಕ್ಕೆ ಆಧಾರ ಏನು? ಬರೆದದ್ದು ಯಾರು?

ದೊಡ್ಡಪ್ಪ: ಶುರುವಾಯ್ತು ಇವಳದ್ದು.

ನಾನು: ಅವನ ಹಡಗಿನಲ್ಲೇ ಇದ್ದವನೊಬ್ಬ ದಿನಚರಿ ಬರೆದಿಟ್ಟಿದ್ದಾನೆ. ಕಲ್ಲಿಕೋಟೆ ಹತ್ತಿರ ಲಂಗರು ಹಾಕಿದ್ದು 1498ರ ಮೇ 20ಕ್ಕೆ. ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟು ಬಡಗು ದಿಕ್ಕಿಗೆ ಬಂದರು. ದಾರಿಯಲ್ಲಿ ಸಿಕ್ಕ ಒಂದು ದ್ವೀಪದಲ್ಲಿ ಸಾಂತಾ ಮರಿಯಾ ಹೆಸರಿನ ಕಂಬ ನೆಟ್ಟದ್ದು ಸೆಪ್ಟೆಂಬರಿನಲ್ಲಿ. ಅದು ನಮ್ಮ ದ್ವೀಪವೇ ಅನ್ನುವ ಮಾತು ಊರಲ್ಲಿದೆ, ಇರಲಿ. ಆದರೆ ಅದು ವಾಪಸ್ ಹೋಗುವಾಗಿನ ಕತೆ. "ಮೊದಲು" ಅನ್ನುವುದು ತಪ್ಪು.

ಚಿಕ್ಕಮ್ಮ: ಸೇಂಟ್ ಮೇರಿಸ್ ಅಂದ ಕೂಡಲೇ ನಾವೆಲ್ಲ ಹೋದದ್ದು ನೆನಪಾಯ್ತು. ಆ ಉದ್ದುದ್ದ ಕಂಬದ ಬಂಡೆ ನೋಡಿ ಅಜ್ಜಿ "ಇಷ್ಟು ಚಂದ ಕಡಿದು ಜೋಡಿಸಿದ್ದು ಯಾರು" ಅಂತ ಕೇಳಿದ್ದರು. ಚಿತ್ರಾನ್ನದ ಡಬ್ಬಿ ನೀರಿಗೆ ಬಿತ್ತಲ್ಲ!

ದುಬೈ ಬಾವ: ಬಿದ್ದದ್ದಲ್ಲ, ನೀವೇ ನನ್ನ ಕೈಗೆ ಕೊಡುವಾಗ ಬಿಟ್ಟದ್ದು.

ಅತ್ತೆ: ಡಬ್ಬಿ ನೆನಪಿದೆ ಎಲ್ಲರಿಗೂ. ನನ್ನನ್ನು ದಡದಲ್ಲೇ ಬಿಟ್ಟು ಮೊದಲ ದೋಣಿ ಹತ್ತಿ ಹೋದದ್ದು ಯಾರಿಗೂ ನೆನಪಿಲ್ಲ. ಒಂದು ಗಂಟೆ ಬಿಸಿಲಲ್ಲಿ ನಿಂತಿದ್ದೆ.

ದೊಡ್ಡಪ್ಪ: ಅದನ್ನೆಲ್ಲ ಈಗ ಎತ್ತಬೇಡ. ನಾನು ಹೇಳುವುದು ಇಷ್ಟೇ, ನಮ್ಮವರು ಬಂದವರಿಗೆಲ್ಲ ಮಣೆ ಹಾಕಿದರು. ಅದಕ್ಕೇ ಕೆಟ್ಟೆವು.

ನಾನು: ಮಣೆ ಎಲ್ಲಿ ಹಾಕಿದರು? ಕಲ್ಲಿಕೋಟೆಯ ರಾಜ ಸಾಮೂದಿರಿಗೆ ಕೊಡಲು ವಾಸ್ಕೋ ತಂದದ್ದು ಒಂದಿಷ್ಟು ಬಟ್ಟೆ, ಆರು ಟೋಪಿ, ನಾಲ್ಕು ಹವಳದ ಸರ, ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನು. ಮೆಕ್ಕಾದ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಅಂತ ಅಲ್ಲಿನ ಅಧಿಕಾರಿಗಳು ನಕ್ಕರು. ಅರಬರು, ಗುಜರಾತಿಗಳು ತಲೆಮಾರುಗಳಿಂದ ಬಂದು ಹೋಗುತ್ತಿದ್ದ ಪೇಟೆ ಅದು. "ಕಂಡುಹಿಡಿದ" ಅನ್ನುವ ಮಾತೇ ನನಗೆ ಸಹಿಸಲ್ಲ.

ಪುಟ್ಟಿ: ಅಕ್ಕ, ಹಾಗಾದರೆ ದಾರಿ ಗೊತ್ತಾದದ್ದು ಹೇಗೆ?

ನಾನು: ಆಫ್ರಿಕಾದ ಮಲಿಂದಿಯಲ್ಲಿ ಒಬ್ಬ ನಾವಿಕನನ್ನು ಹತ್ತಿಸಿಕೊಂಡರು. ಗುಜರಾತಿನವನು ಅಂತ ಪೋರ್ಚುಗೀಸರೇ ಬರೆದಿದ್ದಾರೆ. ನೈರುತ್ಯ ಗಾಳಿ ಹಿಡಿದು 23 ದಿನದಲ್ಲಿ ಈ ಕಡೆ ತಲುಪಿಸಿದ. ವಾಪಸ್ ಹೋಗುವಾಗ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಿಂದ ಅಕ್ಟೋಬರಿನಲ್ಲೇ ಹೊರಟರು, ಗಾಳಿ ಇನ್ನೂ ತಿರುಗಿರಲಿಲ್ಲ. ಅದೇ ಸಮುದ್ರ ದಾಟಲು ಹೆಚ್ಚುಕಡಿಮೆ ಮೂರು ತಿಂಗಳು. ಒಸಡು ಬಾತು ಹಲ್ಲು ಮುಚ್ಚಿ, ತಿನ್ನಲಾಗದೆ ಮೂವತ್ತು ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ಆಗುವವರು ಏಳೆಂಟು ಜನ ಉಳಿದಿದ್ದರು.

ದೊಡ್ಡಪ್ಪ: ಅಕ್ಟೋಬರಿನಲ್ಲಾ? ನಮ್ಮಪ್ಪ ಮಂಜಿ ಹಡಗಿನಲ್ಲಿ ಹಂಚು ತುಂಬಿಸಿಕೊಂಡು ಬೊಂಬಾಯಿಗೆ ಹೋಗುತ್ತಿದ್ದವರು. ಗಾಳಿ ನೋಡದೆ ಹಾಯಿ ಬಿಚ್ಚುತ್ತಿರಲಿಲ್ಲ. ಕೇಳುವ ಬುದ್ಧಿ ಬೇಕು ಮನುಷ್ಯನಿಗೆ.

ನಾನು: ಇದನ್ನು ಬರೆಯಿರಿ ದೊಡ್ಡಪ್ಪ. ಹತ್ತು ಜನರಿಗೆ ಕಳಿಸಬೇಕಾದದ್ದು ಇದು.

ದೊಡ್ಡಪ್ಪ: ಈಗ ಬೆಣ್ಣೆ ಹಚ್ಚಬೇಡ. ಅಮ್ಮನ ತಿಥಿ ದಿನ ಎಲೆ ಮುಂದೆ ಕೂತಾಗ ಎಲ್ಲರೆದುರು ನನ್ನನ್ನು ಸುಳ್ಳುಗಾರ ಮಾಡಿದವಳು ನೀನು.

ನಾನು: ಮೆಸೇಜು ಸುಳ್ಳು ಅಂದೆ, ನಿಮ್ಮನ್ನಲ್ಲ. ಆದರೂ ಆ ದಿನ, ಆ ಜಾಗದಲ್ಲಿ ಹೇಳಬಾರದಿತ್ತು. ತಪ್ಪಾಯ್ತು.

ಅತ್ತೆ: ಅದಿರಲಿ. ಅಷ್ಟು ಜನ ಸತ್ತು ಬಂದದ್ದು ಯಾತಕ್ಕೆ, ಬರೀ ಮೆಣಸಿಗಾ?

ನಾನು: ಹೌದು ಅತ್ತೆ, ನೀವು ಸಾರಿಗೆ ಹಾಕುವ ಒಳ್ಳೆಮೆಣಸಿಗೇ. ಕೆಂಪು ಮೆಣಸು ಆಗ ಇಲ್ಲಿ ಇರಲೇ ಇಲ್ಲ. ಅದು ಅಮೆರಿಕದ್ದು, ಪೋರ್ಚುಗೀಸರ ಕೈಯಿಂದ ಬಂತು. ಮೆಣಸು ಅನ್ನುವ ಹೆಸರು ಮೊದಲು ಕರಿಯದ್ದು, ಆಮೇಲೆ ಬಂದ ಕೆಂಪಿಗೂ ಅಂಟಿಕೊಂಡಿತು.

ಚಿಕ್ಕಮ್ಮ: ಬ್ಯಾಡಗಿ ಮೆಣಸು ನಮ್ಮದಲ್ಲ ಅಂತ ಹೇಳುತ್ತೀಯಾ??

ಪುಟ್ಟಿ: ಮೈಸೂರು ಕಡೆ ಪರಂಗಿ ಹಣ್ಣು ಅಂತಾರಲ್ಲ, ಪಪ್ಪಾಯಿಗೆ. ಅದೂ ಹಾಗೇನಾ?

ನಾನು: ಹಾಗೇ. ಪರಂಗಿಯವರು ಅಂದರೆ ಪೋರ್ಚುಗೀಸರಂಥ ಬಿಳಿಯರು, ಅವರ ಹಣ್ಣು. ಮತ್ತೆ ಚಿಕ್ಕಮ್ಮ, ಬ್ಯಾಡಗಿ ನಮ್ಮದೇ. ನಾನೂರು ವರ್ಷಕ್ಕೂ ಹೆಚ್ಚು ಬೆಳೆದು, ಒಣಗಿಸಿ, ಕುಟ್ಟಿದ ಮೇಲೆ ಇನ್ನು ಯಾರದ್ದು? ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರೇ ಮೆಣಸಿನ ರಾಣಿ ಅಂತ ಕರೆದರು. ಕರಾವಳಿಯ ಹೆಮ್ಮೆ ಬೇಕಾದರೆ ಆಕೆಯ ಕತೆ ಕಳಿಸಿ. ವಾಸ್ಕೋ ಎಲ್ಲಿ ಕಾಲಿಟ್ಟ ಅನ್ನುವುದರಲ್ಲಿ ನಮ್ಮ ಹೆಮ್ಮೆ ಏನಿದೆ?

ದುಬೈ ಬಾವ: ಇಷ್ಟುದ್ದ ಓದಲಿಲ್ಲ. ಡಿಸೆಂಬರಿಗೆ ಊರಿಗೆ ಬರುತ್ತೇನೆ, ದ್ವೀಪಕ್ಕೆ ಹೋಗೋಣವಾ?

ದೊಡ್ಡಪ್ಪ: ಡಿಸೆಂಬರಾದರೆ ಸರಿ. ಈಗ ಮಳೆಗಾಲ, ದೋಣಿ ಬಿಡುವುದಿಲ್ಲ.

ಚಿಕ್ಕಮ್ಮ: ಚಿತ್ರಾನ್ನ ನಾನೇ ತರುತ್ತೇನೆ.

ಅತ್ತೆ: ಮೊದಲ ದೋಣಿಗೆ ನಾನು ಹತ್ತುವುದು. ಈಗಲೇ ಹೇಳಿದ್ದೇನೆ.